ಯಾರದ್ದೋ ಬರಹ, ಡಿಕನ್ಸಪ್ಪನ ಜಾತ್ರೆ

ಮೂರು ರಾತ್ರಿ ನಿದ್ದೆಗೆಟ್ಟು ನಾನು ಬರೆದ ಲೇಖನವೊಂದು ಕಳೆದ ತಿಂಗಳು ನಮ್ಮ ಬಾಸ್ ಹೆಸರಲ್ಲಿ, ಬಾಸ್ ಫೋಟೋ ಸಮೇತ ಪ್ರಕಟವಾಯ್ತು. ಕೇಳಿದ್ದಕ್ಕೆ, “ಟೀಮ್ ವರ್ಕ್ ಕಣಪ್ಪಾ, ಸಂಬಳ ಬರ್ತಿದೆಯಲ್ಲ, ಹೆಸರಲ್ಲೇನಿದೆ?” ಅಂದರು. ಇದೇನು ಹೊಸ ವರಸೆಯಲ್ಲ ಬಿಡಿ. 170 ವರ್ಷಗಳ ಹಿಂದೆ ಲಂಡನ್ನಿನಲ್ಲಿ ಇದನ್ನೇ ಮಾಡಿದವನು, ಬಡವರ ಬಂಧು ಅಂತ ನಾವೆಲ್ಲ ಶಾಲೆಯಿಂದಲೂ ಓದಿಕೊಂಡು ಬಂದ ಚಾರ್ಲ್ಸ್ ಡಿಕನ್ಸ್.

1850ರ ಮಾರ್ಚ್ 30ರಂದು ಅವನು ‘ಹೌಸ್‌ಹೋಲ್ಡ್ ವರ್ಡ್ಸ್’ ಎಂಬ ವಾರಪತ್ರಿಕೆ ಶುರು ಮಾಡಿದ. 24 ಪುಟ, ಬೆಲೆ ಎರಡು ಪೆನ್ಸ್. ಕಥೆ, ಕವಿತೆ, ಊರಿನ ಚರಂಡಿ, ಕಾರ್ಖಾನೆಯ ಅಪಘಾತ ಎಲ್ಲವೂ ಅದರಲ್ಲಿ ಇತ್ತು. ಆದರೆ ಕೆಲವು ಧಾರಾವಾಹಿಗಳನ್ನು ಬಿಟ್ಟರೆ, ಬರೆದವರು ಯಾರು ಅನ್ನೋದೇ ಇರಲಿಲ್ಲ. ಪುಟ ತೆರೆದಲ್ಲೆಲ್ಲ ನೆತ್ತಿಯ ಮೇಲೆ ಒಂದೇ ಸಾಲು: ಚಾರ್ಲ್ಸ್ ಡಿಕನ್ಸ್ ನಡೆಸುವ ಪತ್ರಿಕೆ.

“ಆ ಕಾಲದ ರೂಢಿಯೇ ಹಾಗಿತ್ತು” ಅಂತ ಸಮರ್ಥಿಸುವವರಿದ್ದಾರೆ. ನಿಜ, ಆಗ ಹೆಸರಿಲ್ಲದ ಬರಹ ಎಲ್ಲ ಪತ್ರಿಕೆಗಳಲ್ಲೂ ಬರುತ್ತಿತ್ತು. ಯಾರ ಹೆಸರೂ ಇಲ್ಲದಿದ್ದರೆ ನನ್ನದೂ ತಕರಾರಿಲ್ಲ. ಇಲ್ಲಿ ಎಲ್ಲರ ಹೆಸರು ಅಳಿಸಿ ಒಬ್ಬನದ್ದು ಮಾತ್ರ ಉಳಿಸಿಕೊಂಡರಲ್ಲ, ತಕರಾರು ಅದು. ಇದು ಅನಾಮಧೇಯವಲ್ಲ, ಏಕನಾಮಧೇಯ ಎಂಬ ಅರ್ಥದ ಚಟಾಕಿಯೊಂದು ಡಗ್ಲಸ್ ಜೆರಾಲ್ಡ್ ಎಂಬ ಆ ಕಾಲದ ಹಾಸ್ಯಗಾರನ ಹೆಸರಿನಲ್ಲಿ ಇಂದಿಗೂ ಚಾಲ್ತಿಯಲ್ಲಿದೆ.

ಇದರಿಂದ ಏನಾಗುತ್ತಿತ್ತು ಅನ್ನೋದಕ್ಕೆ ಎಲಿಜಬೆತ್ ಗ್ಯಾಸ್ಕೆಲ್ ಸಾಕ್ಷಿ. ಮೊದಲ ಸಂಚಿಕೆಯಲ್ಲೇ ಆಕೆಯ ‘ಲಿಝಿ ಲೀ’ ಕಥೆ ಶುರುವಾಯಿತು. ಅಮೆರಿಕದಲ್ಲಿ ಅದನ್ನು ಮರುಮುದ್ರಿಸಿದವರು ಡಿಕನ್ಸ್ ಹೆಸರು ಹಾಕಿಯೇ ಮಾರಿದರು! ಪುಟದ ಮೇಲೆ ಕಂಡ ಹೆಸರು ಅದೊಂದೇ ತಾನೇ? ಕಥೆಗೆ ಬಂದದ್ದು 20 ಪೌಂಡ್. ಅಷ್ಟು ಹಣ ನೋಡಿ ಆಕೆಗೇ ಬೆರಗಾಯ್ತಂತೆ. ಆದರೆ ಗಂಡ ಅದನ್ನು ತಣ್ಣಗೆ ಜೇಬಿಗಿಳಿಸಿ ಗುಂಡಿ ಹಾಕಿಕೊಂಡ ಅಂತ ಗೆಳತಿಗೆ ಪತ್ರ ಬರೆದಿದ್ದಾಳೆ. ಹೆಂಡತಿಯ ದುಡಿಮೆ ಗಂಡನದ್ದು ಅನ್ನುತ್ತಿದ್ದ ಕಾನೂನಿನ ಕಾಲ ಅದು. ಹೆಸರು ಸಂಪಾದಕನಿಗೆ, ದುಡ್ಡು ಗಂಡನಿಗೆ. ಬರೆದವಳಿಗೆ ಉಳಿದದ್ದು ಬೆರಳಿನ ಮಸಿ.

ಮರುವರ್ಷ ‘ಕ್ರ್ಯಾನ್‌ಫರ್ಡ್’ ಬಂತು. ಅದರಲ್ಲೊಬ್ಬ ಕ್ಯಾಪ್ಟನ್ ಡಿಕನ್ಸನ ‘ಪಿಕ್‌ವಿಕ್’ ಓದಿ ಚಪ್ಪರಿಸುತ್ತಾನೆ. ನನ್ನ ಪತ್ರಿಕೆಯಲ್ಲಿ ನನ್ನದೇ ಹೊಗಳಿಕೆ ಬೇಡ ಅಂತ ಡಿಕನ್ಸ್ ಅದನ್ನು ಕಿತ್ತು, ಥಾಮಸ್ ಹುಡ್ ಎಂಬ ಕವಿಯ ಹೆಸರು ಸೇರಿಸಿದ. ಎಂಥಾ ಸಂಕೋಚ ನೋಡಿ! ಪುಟದ ನೆತ್ತಿಯ ಮೇಲೆ ಕೂರಲು ಇಲ್ಲದ ಸಂಕೋಚ ಕಥೆಯ ಒಳಗೆ ಬರಲು ಅಡ್ಡಿಯಾಯ್ತು. 1853ರಲ್ಲಿ ಪುಸ್ತಕ ಬಂದಾಗ ಗ್ಯಾಸ್ಕೆಲ್ ‘ಪಿಕ್‌ವಿಕ್’ ಅನ್ನು ವಾಪಸ್ ತಂದು ಕೂರಿಸಿದಳು.

ಹಾಗಂತ ಅವನನ್ನು ಪೂರಾ ಖಳನಾಯಕ ಮಾಡಲಾರೆ. ಎರಡು ಕಾಲಂನ ಒಂದು ಪುಟಕ್ಕೆ ಒಂದು ಗಿನಿಯ ಲೆಕ್ಕದಲ್ಲಿ ದುಡ್ಡು ಕೊಡುತ್ತಿದ್ದ. ಬರಹ ತಿದ್ದಲು ಹಗಲು ರಾತ್ರಿ ದುಡಿಯುತ್ತಿದ್ದ. ಹೆಸರು ಮರೆಸಿಕೊಳ್ಳುವುದರಲ್ಲಿ ಗೌರವ ಕಂಡವರೂ ಇದ್ದರು. ಅಡಿಲೇಡ್ ಪ್ರಾಕ್ಟರ್ ತನ್ನ ಕವಿತೆಗಳನ್ನು ಮೇರಿ ಬರ್ವಿಕ್ ಎಂಬ ಸುಳ್ಳು ಹೆಸರಲ್ಲಿ ಕಳಿಸಿದಳು. ಡಿಕನ್ಸ್ ಆಕೆಯ ಅಪ್ಪನ ಗೆಳೆಯ. ದಾಕ್ಷಿಣ್ಯಕ್ಕೆ ಹಾಕುವುದು ಬೇಡ ಅಂತ. ಆದರೆ ಅದು ಅವಳೇ ಮಾಡಿಕೊಂಡ ತೀರ್ಮಾನ. ನಾನಾಗಿ ಹೆಸರು ಬಿಡೋದು ಬೇರೆ, ನೀನು ಕಿತ್ತುಕೊಳ್ಳೋದು ಬೇರೆ.

ಕೇಳಿದವರಿಗೆ ಸಿಕ್ಕಿದ್ದೂ ಇದೆ. 1856ರಲ್ಲಿ ವಾರಕ್ಕೆ ಐದು ಗಿನಿ ಕೊಡ್ತೀವಿ, ಸಿಬ್ಬಂದಿಯಾಗಿ ಬಾ ಅಂತ ವಿಲ್ಕಿ ಕಾಲಿನ್ಸ್‌ನನ್ನು ಕರೆದಾಗ, ಹೆಸರಿನ ಪ್ರಶ್ನೆಗೇ ಅವನು ಹಿಂದೆಮುಂದೆ ನೋಡಿದ. ಅವನ ಧಾರಾವಾಹಿಯನ್ನು ಅವನ ಹೆಸರಲ್ಲೇ ಜಾಹೀರು ಮಾಡಲು ಡಿಕನ್ಸ್ ಒಪ್ಪಿದ. ಅಂದರೆ ಒಪ್ಪಬಹುದಾಗಿತ್ತು! ರೂಢಿ ಅಂತ ಕೈಕಟ್ಟಿ ಕೂತವರಿಗೆ ಮಾತ್ರ ಅದು ರೂಢಿ.

ಉಳಿದವರ ಹೆಸರು ನಮಗೆ ಸಿಕ್ಕಿದ್ದು ಹೇಗೆ ಗೊತ್ತೇ? ಲೆಕ್ಕದ ಪುಸ್ತಕದಿಂದ. ಉಪಸಂಪಾದಕ ವಿಲ್ಸ್ ಪ್ರತಿ ಸಂಚಿಕೆಗೂ ಯಾವ ಬರಹ, ಯಾರದ್ದು, ಎಷ್ಟು ಕೊಟ್ಟೆವು ಅಂತ ಗುರುತು ಹಾಕಿಟ್ಟಿದ್ದ. ಪತ್ರಿಕೆ 1859ರಲ್ಲೇ ನಿಂತಿತು. ಆ ಪುಸ್ತಕವನ್ನು ಆ್ಯನ್ ಲೋರ್ಲಿ ಎಂಬ ವಿದುಷಿ ಪರಿಷ್ಕರಿಸಿ ಅಚ್ಚು ಹಾಕಿಸಿದ್ದು 1973ರಲ್ಲಿ. 300ಕ್ಕೂ ಹೆಚ್ಚು ಬರಹಗಾರರ ಪಟ್ಟಿ ಅದರಲ್ಲಿದೆ. ಓದುಗರಿಗೆ ಕಾಣದ ಹೆಸರು ಕ್ಯಾಷ್ ಲೆಕ್ಕದಲ್ಲಿ ಮಾತ್ರ ಭದ್ರವಾಗಿತ್ತು. ಮಾಲೀಕನಿಗೆ ಯಾರು ಏನು ಬರೆದರು ಅನ್ನೋದು ಯಾವತ್ತೂ ಗೊತ್ತಿರುತ್ತದೆ ಸ್ವಾಮಿ. ಹೊರಗೆ ಹೇಳೋದಿಲ್ಲ, ಅಷ್ಟೇ.

ಸಂಬಳ ಬರ್ತಿದೆಯಲ್ಲ ಅನ್ನೋರಿಗೆ ನನ್ನದೊಂದೇ ಉತ್ತರ. ಕೂಲಿ ಕೊಟ್ಟು ನನ್ನ ಸಮಯ ಕೊಂಡಿದ್ದೀರಿ, ಅದರ ಮೇಲೆ ನನ್ನ ಹೆಸರು ಫ್ರೀ ಅಂತ ಎಲ್ಲೂ ಬರೆದಿಲ್ಲ. ಮುಂದಿನ ಲೇಖನ ನಿನ್ನೆ ಮುಗಿಸಿದೆ. ಬಾಸ್‌ಗೆ ಕಳಿಸುವಾಗ ತಲೆಬರಹದ ಕೆಳಗೆ ನನ್ನ ಹೆಸರನ್ನೂ ಟೈಪ್ ಮಾಡಿದ್ದೇನೆ. ಅಳಿಸಬೇಕು ಅಂದ್ರೆ ಅವರೇ ಅಳಿಸಲಿ, ನಾನಂತೂ ಅಳಿಸಿ ಕೊಡಲ್ಲ.