ಬಿಡುವಿರುವುದು ಕಿವಿಗೆ ಮಾತ್ರ

ನಮ್ಮತ್ತೆಗೆ ಅಕ್ಷರ ಬರುತ್ತಿರಲಿಲ್ಲ. ಆನೇಕಲ್ಲಿನ ನಮ್ಮ ನಡುಮನೆಯಲ್ಲಿ ಮಗ್ಗ, ಅದರ ಪಕ್ಕದ ಗೂಟಕ್ಕೆ ರೇಡಿಯೋ. ರಾಟೆಯಲ್ಲಿ ರೇಷ್ಮೆ ನೂಲು ಸುತ್ತುತ್ತಾ ಮಧ್ಯಾಹ್ನದ ಮಹಿಳಾ ಕಾರ್ಯಕ್ರಮಕ್ಕೆ ಕಾಯುವರು. ಕಥೆ ಶುರುವಾದರೆ ಮಾವನವರಿಗೂ "ರೀ, ಸ್ವಲ್ಪ ನಿಲ್ಲಿಸಿ" ಎಂಬ ಅಪ್ಪಣೆ. ಲಾಳಿಯ ಸದ್ದಿಗೆ ಒಂದು ಮಾತು ತಪ್ಪಿತೋ, "ಏನಂದಳೇ ಅವಳು?" ಎಂದು ನನ್ನ ಕಡೆ ತಿರುಗುವರು. ಮುಗಿದ ಕಥೆ ರಾತ್ರಿ ಅಡಿಗೆಮನೆಯಲ್ಲಿ ಮತ್ತೆ ಶುರು. ಆ ಸೊಸೆ ತವರಿಗೆ ಹೊರಟದ್ದು ಸರಿಯೇ ಎಂದು ನಾವಿಬ್ಬರೂ ವಾದಿಸಿದ್ದುಂಟು. ನಮ್ಮ ಮನೆಯ ಸಂಗತಿಯನ್ನು ನೇರವಾಗಿ ಆಡಲು ಧೈರ್ಯವೆಲ್ಲಿ? ಕಥೆಯ ನೆಪದಲ್ಲಿ ಆಡಿಕೊಂಡೆವು.

ಮೊನ್ನೆ ಪರಿಚಿತರೊಬ್ಬರು, "ಈ ಕಾಲದಲ್ಲಿ ರೇಡಿಯೋ ಕಥೆ ಯಾರಿಗ್ರೀ ಬೇಕು?" ಎಂದರು. ಐದಕ್ಕೆ ಎದ್ದು ಡಬ್ಬಿ ಕಟ್ಟಿ ಬೊಮ್ಮಸಂದ್ರಕ್ಕೋ ಜಿಗಣಿಗೋ ಬಸ್ಸು ಹಿಡಿಯುವವಳಿಗೆ ಬೇಕು. ಅವಳಿಗೆ ಓದು ಬರುತ್ತದೆ ಸ್ವಾಮಿ, ಪುಸ್ತಕ ಹಿಡಿಯಲು ಕೈ ಖಾಲಿಯಿಲ್ಲ.

1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ನಡೆಸಿದ ನಾಡು ಇದು. 2001ರಲ್ಲಿ ದೇಶದ ಮೊದಲ ಖಾಸಗಿ ಎಫ್.ಎಂ. ಬಂದದ್ದೂ ಬೆಂಗಳೂರಿಗೇ. ಖಾಸಗಿಯವರಿಗೆ ಸ್ವಂತ ಸುದ್ದಿ ಹೇಳಲು ಸರ್ಕಾರದ ತಡೆಯಿದೆ. ಕಥೆ ಓದಲು ಯಾರ ತಡೆ? ಗಂಡ-ಹೆಂಡಿರ ಅದೇ ಹಳಸಲು ನಗೆಹನಿಗೆ ಹೊತ್ತು ಸಿಗುತ್ತದಲ್ಲ!

ಐರ್ಲೆಂಡನ್ನು ನೋಡಿ. ಅಲ್ಲಿನ ಜನಸಂಖ್ಯೆ ಬೆಂಗಳೂರಿನ ಅರ್ಧದಷ್ಟೂ ಇಲ್ಲ. ಅಲ್ಲಿಯ ರಾಷ್ಟ್ರೀಯ ರೇಡಿಯೋ, ತನ್ನಲ್ಲೇ ಕೆಲಸ ಮಾಡಿದ ಕಾದಂಬರಿಕಾರ ಫ್ರಾನ್ಸಿಸ್ ಮ್ಯಾಕ್‌ಮ್ಯಾನಸ್ ನೆನಪಿಗೆ 1986ರಲ್ಲಿ ಸಣ್ಣಕಥಾ ಸ್ಪರ್ಧೆ ಶುರುಮಾಡಿತು. ಆಯ್ದ ಕಥೆಗಳನ್ನು ನುರಿತ ನಟನಟಿಯರು ಓದುತ್ತಾರೆ, ಹಾಗೇ ಬಿತ್ತರವಾಗುತ್ತವೆ. ತ್ರಿವೇಣಿ, ಅನುಪಮಾ ನಿರಂಜನ, ವೈದೇಹಿ ಬರೆದ ಭಾಷೆಯಲ್ಲಿ ಕಥೆಗೇನು ಬರವೇ?

"ಮೊಬೈಲಿನಲ್ಲಿ ಬೇಕಾದಷ್ಟಿವೆಯಲ್ಲಮ್ಮ" ಎನ್ನುತ್ತಾಳೆ ಮಗಳು. ಇವೆ, ಒಪ್ಪಿದೆ. ಆದರೆ ಹುಡುಕಬೇಕು, ಹುಡುಕಲು ಹೆಸರು ಗೊತ್ತಿರಬೇಕು. ಅತ್ತೆಗೆ ಒಬ್ಬ ಲೇಖಕಿಯ ಹೆಸರೂ ಗೊತ್ತಿರಲಿಲ್ಲ. ಕಥೆಯೇ ಗೂಟದಿಂದಿಳಿದು ಅವರ ರಾಟೆಯ ಬಳಿ ಬಂದು ಕೂರುತ್ತಿತ್ತು.

ಅದಕ್ಕೇ ಬಾನುಲಿಯವರಲ್ಲಿ ನನ್ನ ತಕರಾರು: ವಾರಕ್ಕೊಂದಾದರೂ ಕಥೆ ಓದಿಸಿ, ಗೊತ್ತಾದ ಹೊತ್ತಿಗೆ. ಓದುವವರಿಗೂ ಬರೆದವರಿಗೂ ಮರ್ಯಾದೆಯ ಸಂಭಾವನೆ ಕೊಡಿ. ಹಿಂದೆ ಪಿಟೀಲು ಕುಯ್ಯುವುದು ಬೇಡ, ಅಳು ಬಂದರೆ ನಾವೇ ಅಳುತ್ತೇವೆ. ಮಧ್ಯಾಹ್ನ ಮಾತ್ರ ಬೇಡಿ, ಆಗ ನಮ್ಮ ಹುಡುಗಿಯರು ಶಿಫ್ಟಿನಲ್ಲಿರುತ್ತಾರೆ. ರಾತ್ರಿ ಎಂಟೂವರೆಗೆ ಇಡಿ, ಪಾತ್ರೆ ತೊಳೆಯುವ ಹೊತ್ತಿಗೆ.