ಬೇರೆ ಪಾತ್ರೆಯ ಅಲಸಂದೆ

ಹೊರದೇಶದ ಒಂದು ಊಟದ ವಿಷಯವನ್ನು ಈ ತಿಂಗಳು ವಾಚಕರಿಗೆ ಅರಿಕೆ ಮಾಡಬೇಕೆಂದಿದ್ದೇನೆ. ಅಮೆರಿಕದ ದಕ್ಷಿಣ ಸೀಮೆಯ ಅಲಬಾಮಾ ಸಂಸ್ಥಾನದಲ್ಲಿ ಬರ್ಮಿಂಗ್‌ಹ್ಯಾಮ್ ಎಂಬ ಪಟ್ಟಣವುಂಟು. ನನ್ನ ಮಗನು ಅಲ್ಲಿ ಉದ್ಯೋಗದಲ್ಲಿರುವುದರಿಂದ ಕಳೆದ ಚಳಿಗಾಲವನ್ನು ನಾನೂ ಅಲ್ಲಿಯೇ ಕಳೆದೆನು. ಅವನ ಬೀದಿಯ ತಿರುವಿನಲ್ಲಿ ಒಂದು ಸಣ್ಣ ಊಟದ ಹೋಟೆಲು. ಅಲ್ಲಿನ ಪದ್ಧತಿಗೆ 'ಮೀಟ್ ಅಂಡ್ ತ್ರೀ' ಎಂದು ಹೆಸರು. ಎಂದರೆ ಒಂದು ಬಗೆಯ ಮಾಂಸ, ಅದರೊಡನೆ ಮೂರು ಶಾಕಗಳು. ಶಾಕಗಳ ಪಟ್ಟಿಯಲ್ಲಿ ಚೀಸು ಬೆರಸಿದ ಮ್ಯಾಕರೋನಿಯೂ ಸೇರಿತ್ತು! ಆ ಪದಕ್ಕೆ ಇಷ್ಟು ವಿಶಾಲವಾದ ಅರ್ಥವನ್ನು ನಮ್ಮ ಯಾವ ಕೋಶಕಾರನೂ ಕೊಟ್ಟಿರಲಾರನು.

ಮಾಂಸವನ್ನು ಬಿಟ್ಟು ಶಾಕಗಳನ್ನು ಮಾತ್ರ ಕೇಳಬಹುದೆಂದು ಮಗನು ಹೇಳಿದನು. ನಾನು ಸೊಪ್ಪು, ಅಲಸಂದೆಕಾಳು, ಗೆಣಸುಗಳನ್ನು ಕೇಳಿದೆನು. ಬಡಿಸುತ್ತಿದ್ದವರು ಎಪ್ಪತ್ತು ದಾಟಿದ, ಆಫ್ರಿಕ ಮೂಲದ ವೃದ್ಧೆ. ನನ್ನನ್ನು 'ಮಗು' ಎಂದೇ ಕರೆದರು. ಹಾಗೆ ಕರೆಯುವವರು ನಮ್ಮೂರಿನಲ್ಲಿ ಈಗ ಯಾರೂ ಉಳಿದಿಲ್ಲ. ನಾನು ಮಾಂಸ ತಿನ್ನುವವನಲ್ಲವೆಂದು ತಿಳಿದೊಡನೆ ಸೌಟನ್ನು ಕೆಳಗಿಟ್ಟು, "ಸೊಪ್ಪಿನಲ್ಲಿಯೂ ಕಾಳಿನಲ್ಲಿಯೂ ಹಂದಿಯ ಮಾಂಸ ಬೆಂದಿದೆ, ಬೇಡ. ಗುರುವಾರ ಬಾ, ನಿನಗಾಗಿ ಬೇರೆ ಪಾತ್ರೆಯಲ್ಲಿ ಕಾಳು ಬೇಯಿಸಿಡುತ್ತೇನೆ" ಎಂದರು. ಆ ದಿನ ಗೆಣಸು, ಅನ್ನಗಳಲ್ಲಿ ಊಟ ಮುಗಿಯಿತು. ಗೆಣಸಿಗೆ ಬೆಣ್ಣೆ, ಸಕ್ಕರೆ, ದಾಲ್ಚಿನ್ನಿ ಬಿದ್ದು ಅದು ಭಕ್ಷ್ಯವೇ ಆಗಿತ್ತು.

ಬೇರೆ ಪಾತ್ರೆಯೆಂಬ ಮಾತು ಮಾತ್ರ ಮನಸ್ಸಿನಲ್ಲಿ ನಾಟಿತು. ಅದೇ ಪಟ್ಟಣದಲ್ಲಿ ಹಿಂದೆ ಆಲೀಸ್ ಬಾರ್ಬೆಕ್ಯೂ ಎಂಬ ಹೋಟೆಲಿತ್ತು. ಕೆಲಸದವರಲ್ಲಿ ಮೂರರಲ್ಲಿ ಎರಡು ಪಾಲು ಕಪ್ಪು ಜನ. ಆದರೆ ಅವರ ಜನ ಊಟವನ್ನು ಕಟ್ಟಿಸಿಕೊಂಡು ಹೋಗಬೇಕಲ್ಲದೆ ಒಳಗೆ ಕುಳಿತು ಉಣ್ಣುವಂತಿರಲಿಲ್ಲ. ೧೯೬೪ರ ಜುಲೈ ತಿಂಗಳಿನಲ್ಲಿ ನಾಗರಿಕ ಹಕ್ಕುಗಳ ಶಾಸನವು ಇಂಥ ಭೇದವನ್ನು ನಿಷೇಧಿಸಿತು. ಯಜಮಾನರು ನ್ಯಾಯಾಲಯಕ್ಕೆ ಹೋದರು. ಅದೇ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರಿಗೆ ವಿರುದ್ಧವಾಗಿ ತೀರ್ಪಿತ್ತಿತು. ನನಗೆ ಬಡಿಸಿದ ತಾಯಿ ಆಗ ಬಾಲಕಿ.

ಪರದೇಶದವರನ್ನು ಆಡಿಕೊಳ್ಳುವುದು ಸುಲಭ. ನನ್ನ ಅಜ್ಜನ ಮನೆಯಲ್ಲಿ ಅಲಸಂದೆಯನ್ನು ಬಿತ್ತಿ ಬೆಳೆದವರಿಗೆ ಹಿತ್ತಿಲ ಜಗಲಿಯಲ್ಲಿ ಎಲೆ ಹಾಕುತ್ತಿದ್ದರು. ಎಂಟು ವರ್ಷದವನಾಗಿದ್ದ ನಾನೇ ಎಷ್ಟೋ ಸಲ ಅವರ ಬೊಗಸೆಗೆ ಎತ್ತರದಿಂದ ನೀರು ಹೊಯ್ದಿದ್ದೇನೆ. ಅದರಲ್ಲಿ ಅಂದು ನನಗೆ ತಪ್ಪೇನೂ ಕಾಣಲಿಲ್ಲ.

ಗುರುವಾರ ಹೋದೆನು. ಕಾಳು ಸಿದ್ಧವಾಗಿತ್ತು. ಈರುಳ್ಳಿ, ಒಣಮೆಣಸಿನಕಾಯಿ, ಉಪ್ಪು, ಅಷ್ಟೆ; ಒಗ್ಗರಣೆಯಿಲ್ಲ. ನಮ್ಮ ಗೃಹಿಣಿಯರು ಸಪ್ಪೆಯೆಂದಾರು, ಆದರೆ ಬಿಸಿ ಅನ್ನಕ್ಕೆ ಕಲಸಿಕೊಂಡರೆ ಬೇರೇನೂ ಬೇಡ. ಈ ಕಾಳಿನ ತವರು ಆಫ್ರಿಕ. ಗುಲಾಮರನ್ನು ಸಾಗಿಸುತ್ತಿದ್ದ ಕಾಲದಲ್ಲಿ ಅದು ಅಮೆರಿಕವನ್ನು ಸೇರಿತು. ಅದಕ್ಕೂ ಬಹುಕಾಲ ಹಿಂದೆಯೇ ನಮ್ಮಲ್ಲಿಗೆ ಬಂದು ಸಂಸ್ಕೃತದಲ್ಲಿ ರಾಜಮಾಷವೆನಿಸಿಕೊಂಡಿತು. ನಮ್ಮ ರಾಗಿಯ ತವರೂ ಅದೇ ಖಂಡ. ಇದನ್ನು ಆ ತಾಯಿಗೆ ತಿಳಿಸಿದಾಗ ಗಟ್ಟಿಯಾಗಿ ನಕ್ಕು, ಇನ್ನೊಂದು ಸೌಟು ಬಡಿಸಿದರು. ಹಿತ್ತಿಲ ಜಗಲಿಯ ವಿಚಾರವನ್ನು ನಾನು ಎತ್ತಲಿಲ್ಲ.