104ನೇ ಮೈಲಿಗೆ ನೀರು ಬರಲಿ, ನವಲಿ ಆಮೇಲೆ

ತುಂಗಭದ್ರೆಯ ಬಗ್ಗೆ ಯಾರು ಬಾಯಿ ತೆರೆದರೂ ಮೊದಲು ಹೊರಡುವ ಮಾತು ಹೂಳು. ಸುಳ್ಳೇನಲ್ಲ. 1953ರಲ್ಲಿ ಹೊಸಪೇಟೆಯ ಅಣೆಕಟ್ಟೆ 133 ಟಿಎಂಸಿ ನೀರು ಹಿಡಿಯುತ್ತಿತ್ತು, ಈಗ ಹಿಡಿಯುವುದು 105 ಚಿಲ್ಲರೆ. ಉಳಿದ 27 ಟಿಎಂಸಿ ಜಾಗದಲ್ಲಿ ಮಣ್ಣು ಕೂತಿದೆ. ಹೀಗಾಗಿ ಎರಡು ಕೂಗು ಎದ್ದಿವೆ. ಹೂಳು ಎತ್ತಿ ಅನ್ನುವುದು ಒಂದು. ಕೊಪ್ಪಳ ಜಿಲ್ಲೆಯ ನವಲಿ ಹತ್ತಿರ ಸಮತೋಲನ ಜಲಾಶಯ ಕಟ್ಟಿ ಅನ್ನುವುದು ಇನ್ನೊಂದು.

ಮೊದಲನೆಯದಕ್ಕೆ ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಟಿಎಂಸಿ ಎಂದರೆ 2.83 ಕೋಟಿ ಘನ ಮೀಟರ್. 27 ಟಿಎಂಸಿ ಹೂಳು 76 ಕೋಟಿ ಘನ ಮೀಟರ್ ಆಯಿತು. ಒಂದು ಟಿಪ್ಪರ್‌ಗೆ ಹತ್ತು ಘನ ಮೀಟರ್ ತುಂಬಿ, ದಿನಕ್ಕೆ ಸಾವಿರ ಟಿಪ್ಪರ್, ಹಬ್ಬ ಹುಣ್ಣಿಮೆ ಎನ್ನದೆ ಓಡಿಸಿದರೂ ಇನ್ನೂರು ವರ್ಷ ಬೇಕು. ಅಷ್ಟರಲ್ಲಿ ಹೊಸ ಹೂಳು ಸುಮ್ಮನೆ ಇರುತ್ತದೆಯೇ? ಹಿಂದೊಮ್ಮೆ ರೈತರೇ ಸಲಿಕೆ ಬುಟ್ಟಿ ಹಿಡಿದು ‘ಹೂಳಿನ ಜಾತ್ರೆ’ ಮಾಡಿದ್ದು ಸರ್ಕಾರವನ್ನು ನಾಚಿಸಲು. ಅದನ್ನೇ ಯೋಜನೆ ಅಂತ ತಿಳಿದವರು ಈಗಲೂ ಇದ್ದಾರೆ.

ನವಲಿಯ ಮಾತು ಬೇರೆ. ಅದನ್ನು ಕಟ್ಟಲು ಬರುತ್ತದೆ. ಆದರೆ ಆಂಧ್ರ, ತೆಲಂಗಾಣ ಒಪ್ಪಬೇಕು, ಸಾವಿರಾರು ಎಕರೆ ಮುಳುಗಬೇಕು, ಸಾವಿರಾರು ಕೋಟಿ ಸುರಿಯಬೇಕು. ಇಷ್ಟೆಲ್ಲ ಆಗಿ ನೀರು ಬಂತು ಅಂತಲೇ ಇಟ್ಟುಕೊಳ್ಳಿ. ಅದು ಯಾರ ಹೊಲಕ್ಕೆ ಹೋಗುತ್ತದೆ? ಈ ಪ್ರಶ್ನೆ ಕೇಳಿದ ಕೂಡಲೇ ವೇದಿಕೆ ಮೇಲೆ ಮೌನ.

ಎಡದಂಡೆ ಮುಖ್ಯ ಕಾಲುವೆ 227 ಕಿಲೋಮೀಟರ್ ಉದ್ದ. ಕೊಪ್ಪಳ ಜಿಲ್ಲೆ ದಾಟಿ ರಾಯಚೂರಿನ ಕೊನೆ ಮುಟ್ಟಬೇಕು. ಇದನ್ನು ಭತ್ತಕ್ಕಾಗಿ ಕಟ್ಟಿದ್ದಲ್ಲ. ಬರ ತಡೆಯುವುದಕ್ಕೆ, ಹೆಚ್ಚು ಹೊಲಗಳಿಗೆ ಸ್ವಲ್ಪ ಸ್ವಲ್ಪ ನೀರು ಮುಟ್ಟಿಸಿ ಜೋಳ, ಹತ್ತಿ, ಶೇಂಗಾ ಉಳಿಸುವುದಕ್ಕೆ ಕಟ್ಟಿದ್ದು. ಯಾವ ಸರ್ವೆ ನಂಬರಿಗೆ ಯಾವ ಬೆಳೆ ಅಂತ ಲೋಕಲೈಸೇಷನ್ ಕೂಡ ಆಗಿದೆ; ಅದರಲ್ಲಿ ಭತ್ತದ್ದು ಹೆಚ್ಚೆಂದರೆ ಹತ್ತರಲ್ಲಿ ಒಂದು ಪಾಲು. ಈಗ ಗಂಗಾವತಿಯಿಂದ ಕಾರಟಗಿ, ಸಿಂಧನೂರಿನವರೆಗೆ ಬಸ್ಸಿನ ಕಿಟಕಿಯಲ್ಲಿ ಕೂತು ನೋಡಿ. ಕಣ್ಣು ಹಾಯುವಷ್ಟು ದೂರ ಭತ್ತ, ನಡುನಡುವೆ ರೈಸ್ ಮಿಲ್ಲಿನ ಚಿಮಣಿ. ‘ಭತ್ತದ ಕಣಜ’ ಅಂತ ನಾವೇ ಹೆಸರಿಟ್ಟು ಹೆಮ್ಮೆಪಟ್ಟೆವು. ಎಪ್ಪತ್ತು ವರ್ಷದ ಹಿಂದಿನ ಬೆಳೆ ಪಟ್ಟಿ ಕಚೇರಿಯಲ್ಲಿ ಜಾರಿಯಲ್ಲಿದೆ, ಹೊಲದಲ್ಲಿ ಇಲ್ಲ.

ಇದಕ್ಕೆ ಆಂಧ್ರದಿಂದ ಬಂದು ಕ್ಯಾಂಪ್ ಕಟ್ಟಿದವರನ್ನು ಬೈಯುವುದು ಸುಲಭ. ಅವರು ಭತ್ತ ತಂದರು ನಿಜ. ಲಾಭ ಕಂಡ ಮೇಲೆ ನಮ್ಮವರೂ ಹಿಂದೆ ಬೀಳಲಿಲ್ಲ. ಜೋಳ ಬೆಳೆದವನು ಖರೀದಿ ಕೇಂದ್ರದ ಮುಂದೆ ಚೀಲ ಒಟ್ಟಿಕೊಂಡು ಕಾಯಬೇಕು, ಭತ್ತಕ್ಕಾದರೆ ಮಿಲ್ಲಿನವರು ಕಣಕ್ಕೇ ಲಾರಿ ತರುತ್ತಾರೆ. ಇಂಥಲ್ಲಿ ಮೇಲ್ಭಾಗದ ರೈತನನ್ನು ನೀರುಗಳ್ಳ ಅನ್ನಲು ನನಗೆ ಬಾಯಿ ಬರುವುದಿಲ್ಲ. ಹಾಗಂತ ಕೆಳಗಿನವನ ಪಾಲು ಕರಗುತ್ತಿರುವುದೂ ಸುಳ್ಳಲ್ಲ.

ಮಾನ್ವಿ, ಸಿರವಾರ, ರಾಯಚೂರು ಕಡೆಯವರ ಬಾಯಲ್ಲಿ ಕಾಲುವೆಯ ಊರುಗಳಿಗಿಂತ ಮೈಲಿ ಕಲ್ಲುಗಳೇ ಹೆಚ್ಚು: 47, 69, 104. “69ಕ್ಕೆ ಗೇಜ್ ಬಂತೇನ್ರೀ?” ಅಂತ ಫೋನ್ ಮಾಡಿ ಕೇಳುತ್ತಾರೆ, ಆಸ್ಪತ್ರೆಯಲ್ಲಿದ್ದವರ ಜ್ವರ ವಿಚಾರಿಸಿದ ಹಾಗೆ. ಗೇಜ್ ಅಂದರೆ ಆ ಕಲ್ಲಿನ ಹತ್ತಿರ ಕಾಲುವೆಯ ನೀರಿನ ಮಟ್ಟ. ಅದು ಇಳಿದರೆ ರಸ್ತೆ ತಡೆ. ಆಮೇಲೆ ಕಾಲುವೆಗುಂಟ ನಿಷೇಧಾಜ್ಞೆ, ಪೊಲೀಸ್ ಕಾವಲು, ಪಂಪ್‌ಸೆಟ್ ಕಿತ್ತ ಫೋಟೊ. ಹದಿನೈದು ದಿನಕ್ಕೆ ಪೊಲೀಸರು ಹೋಗುತ್ತಾರೆ, ಪೈಪುಗಳು ಏರಿ ಹತ್ತಿ ಮತ್ತೆ ಕಾಲುವೆಗೆ ಇಳಿಯುತ್ತವೆ. ಡಚ್ ಸಂಶೋಧಕ ಪೀಟರ್ ಮೊಲಿಂಗಾ ಈ ಕಾಲುವೆಯ ಮೇಲೇ ಒಂದು ಪುಸ್ತಕ ಬರೆದಿದ್ದಾರೆ. ಇಲ್ಲಿ ನೀರು ಹಂಚುವುದರಲ್ಲಿ ಎಂಜಿನಿಯರನ ಕೋಷ್ಟಕಕ್ಕಿಂತ ರಾಜಕೀಯದ ಕೈ ದೊಡ್ಡದು ಅನ್ನುವುದು ಹೊರಗಿನವರಿಗೂ ಆಗಲೇ ಕಂಡಿತ್ತು. ನೀರು ಬಳಕೆದಾರರ ಸಹಕಾರ ಸಂಘಗಳು? ಇವೆ, ಬೋರ್ಡೂ ಇದೆ. ತೂಬಿನ ಕೀಲಿ ಮಾತ್ರ ಬೇರೆಯವರ ಕೈಯಲ್ಲಿ.

ಹೆಚ್ಚು ನೀರು ಕುಡಿದ ಹೊಲವಾದರೂ ಸುಖವಾಗಿದೆಯೇ? ಕಾಲುವೆ ಏರಿಯಿಂದ ಇಳಿದು ತಗ್ಗಿನ ಹೊಲಕ್ಕೆ ಬೇಸಿಗೆಯಲ್ಲಿ ಕಾಲಿಡಿ. ಮೇಲೆ ಸುಣ್ಣ ಚೆಲ್ಲಿದಂತೆ ಬಿಳಿ ಪೊರೆ. ಅದನ್ನು ಒಡೆದು ಕಾಲೂರಿದರೆ ಒಳಗೆ ಇನ್ನೂ ಪಿಚಪಿಚ ಕೆಸರು. ಒಂದು ಕಡೆ ಸವುಳು, ಅದರ ಪಕ್ಕದಲ್ಲೇ ಜವುಳು. ಎರೆಭೂಮಿಯಲ್ಲಿ ನೀರು ಬೇಗ ಬಸಿಯುವುದಿಲ್ಲ, ವರ್ಷಕ್ಕೆ ಎರಡು ಭತ್ತ ನಿಲ್ಲಿಸಿದರೆ ಅಂತರ್ಜಲ ಮೇಲೆದ್ದು ಬೇರಿನ ಹತ್ತಿರ ಬರುತ್ತದೆ. ಬಿಸಿಲಿಗೆ ನೀರು ಆರಿ ಉಪ್ಪು ಮಾತ್ರ ಮೇಲೆ ಉಳಿಯುತ್ತದೆ. ಈ ಅಚ್ಚುಕಟ್ಟಿನಲ್ಲಿ ಹೀಗೆ ಕೆಟ್ಟ ನೆಲ 90 ಸಾವಿರ ಹೆಕ್ಟೇರ್ ದಾಟಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಇದರ ಮೇಲೆ ದಶಕಗಟ್ಟಲೆ ಕೆಲಸ ಮಾಡಿದ್ದಾರೆ. ನೆಲದಡಿ ಬಸಿಗಾಲುವೆಯ ಕೊಳವೆ ಹೂಡಿದರೆ ಇಂಥ ಹೊಲ ಮತ್ತೆ ಕೈ ಹಿಡಿಯುತ್ತದೆ ಅಂತ ತೋರಿಸಿಯೂ ಇದ್ದಾರೆ. ಒಂದೇ ನೀರು, ಮೇಲೆ ಹೆಚ್ಚಾಗಿ ಹೊಲ ಕೆಡಿಸುತ್ತದೆ, ಕೆಳಗೆ ಇಲ್ಲದೆ ಕೆಡಿಸುತ್ತದೆ. ಅದಕ್ಕೆ ನವಲಿಯಿಂದ ಇನ್ನಷ್ಟು ಸುರಿದರೆ ಮೊದಲು ತುಂಬುವುದು ಜವುಳು.

ಕೆಳಗಿನವರು ಸುಮ್ಮನೆ ಕೂತಿಲ್ಲ. ನೀರು ಯಾವಾಗ ಬರುತ್ತದೋ ಗೊತ್ತಿಲ್ಲದ ಕಾರಣಕ್ಕೇ ಸಸಿಮಡಿ, ನಾಟಿ ಬಿಟ್ಟು ಕೂರಿಗೆ ಭತ್ತಕ್ಕೆ ಇಳಿದವರು ಎಷ್ಟೋ ಮಂದಿ. ಒಣ ನೆಲದಲ್ಲಿ ಬಿತ್ತಿ, ಮಳೆಗೆ ಹುಟ್ಟಿಸಿ, ಕಾಲುವೆ ಬಂದಾಗ ನೀರು ಕಟ್ಟುತ್ತಾರೆ. ನೀರು ಉಳಿಸುವ ಈ ವಿದ್ಯೆ ನೀರಿಲ್ಲದವನ ಹತ್ತಿರ ಇದೆ, ನೀರಿದ್ದವನಿಗೆ ಅದರ ಗರಜು ಬಿದ್ದಿಲ್ಲ.

2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋದಾಗ ಇಡೀ ರಾಜ್ಯ ಅಣೆಕಟ್ಟೆಯತ್ತ ನೋಡಿತು. ಮುಂದಿನ ವರ್ಷ ಸುರಕ್ಷತೆಗಾಗಿ 80 ಟಿಎಂಸಿಗೇ ನಿಲ್ಲಿಸಿದರು. ಗೇಟು ಬದಲಿಸಲು ಎರಡನೇ ಬೆಳೆಗೆ ನೀರಿಲ್ಲ ಅಂದರು. ರೈತರು ಸಿಟ್ಟಾದರು, ಆಗಲೇಬೇಕು. ಆದರೆ ಅಣೆಕಟ್ಟೆ ಕೈಕೊಟ್ಟಿದ್ದು ಒಂದು ರಾತ್ರಿ. ಮಾನ್ವಿಯವರಿಗೆ ಕಾಲುವೆ ಕೈಕೊಡುವುದು ವರ್ಷ ವರ್ಷ. ಅದಕ್ಕೆ ಯಾವ ಮಂತ್ರಿಯೂ ರಾತ್ರಿ ಕಾರು ಹತ್ತಿ ಓಡಿ ಬಂದದ್ದಿಲ್ಲ.

ಹಾಗಾಗಿ ನನ್ನ ಬೇಡಿಕೆ ದೊಡ್ಡದಲ್ಲ. ಹಳೆಯ ಬೆಳೆ ಪಟ್ಟಿಯನ್ನು ಹರಿದು, ಇಂದಿನ ನೀರಿಗೆ ಹೊಂದುವ ಹೊಸದನ್ನು ಬರೆಯಲಿ. ಮೇಲ್ಭಾಗದಲ್ಲಿ ಎರಡನೇ ಭತ್ತ ಬಿಟ್ಟು ಜೋಳ, ಕಡಲೆ ಹಾಕಿದವನ ಕಾಳನ್ನು ಕಣದಲ್ಲೇ ಕೊಳ್ಳಲಿ. ಬಸಿಗಾಲುವೆಗೆ ನವಲಿಗಿಂತ ಮೊದಲು ದುಡ್ಡು ಇಡಲಿ. ಮುಂದಿನ ನೀರಾವರಿ ಸಲಹಾ ಸಮಿತಿ ಸಭೆಗೆ ಮಂತ್ರಿಗಳು ಹೊಸ ಜಲಾಶಯದ ನಕ್ಷೆ ತರುವುದಾದರೆ ತರಲಿ, ಜೊತೆಗೆ 47, 69, 104ನೇ ಮೈಲಿಯ ಹತ್ತು ವರ್ಷದ ಗೇಜ್ ಪುಸ್ತಕವನ್ನೂ ಮೇಜಿನ ಮೇಲೆ ಇಡಲಿ. ಓದಿ ಹೇಳುವ ಕೆಲಸವನ್ನು ಮಾನ್ವಿಯ ಕೊನೆ ಹೊಲದವನಿಗೆ ಕೊಡಲಿ.